21 ಗಂಟೆ ಓದಿದರೆ ಆರೈಕೆ ನಿಂತುಹೋಗುತ್ತಾ?

ನಮ್ಮ ಸೆಕೆಂಡ್ ಇಯರ್ ಟೈಮ್‌ಟೇಬಲ್ ತೆಗೆದು ಒಂದ್ಸಲ ಕೂಡಿಸಿ ನೋಡಿ. ಊಟದ ಬ್ರೇಕ್ ಬಿಟ್ಟು ದಿನಕ್ಕೆ ಆರು ಗಂಟೆ ಕ್ಲಾಸು, ಲ್ಯಾಬು. ಗುರುವಾರ ಮಧ್ಯಾಹ್ನದ ಹೊತ್ತಿಗೆ 21 ಗಂಟೆ ಆಗಿಹೋಗಿರುತ್ತೆ. ಅದರಿಂದ ನಮಗೇನೂ ಆಗಲ್ಲ, ನಿದ್ದೆ ಬರುತ್ತೆ ಅಷ್ಟೇ. ಆದರೆ ಇಂಗ್ಲೆಂಡಿನಲ್ಲಿ ಹಾಸಿಗೆ ಹಿಡಿದ ಅಮ್ಮನನ್ನು ನೋಡಿಕೊಳ್ಳುತ್ತಾ ಮತ್ತೆ ಕಾಲೇಜಿಗೆ ಸೇರುವ ಮಗಳಿಗೆ ಆ 21ನೇ ಗಂಟೆಗೆ ಒಂದು ಬೆಲೆ ಇದೆ: ವಾರಕ್ಕೆ 83.30 ಪೌಂಡ್.

ಅಲ್ಲಿ ಕೇರರ್ಸ್ ಅಲವನ್ಸ್ ಅಂತ ಒಂದು ಭತ್ಯೆ ಇದೆ. ಅಂಗವೈಕಲ್ಯದ ಭತ್ಯೆ ಪಡೆಯುವ ಒಬ್ಬರನ್ನು ವಾರಕ್ಕೆ ಕನಿಷ್ಠ 35 ಗಂಟೆ ನೋಡಿಕೊಳ್ಳುವವರಿಗೆ ಸರ್ಕಾರ ಕೊಡುವ ದುಡ್ಡು. 83.30 ಪೌಂಡ್ ಅನ್ನೋದು 2025ರ ಏಪ್ರಿಲ್‌ನಿಂದ ಒಂದು ವರ್ಷದ ದರ. ಅದನ್ನು 35ರಿಂದ ಭಾಗಿಸಿದರೆ ಗಂಟೆಗೆ 2.38 ಪೌಂಡ್. ಅದೇ ವರ್ಷ ಅಲ್ಲಿ 21 ವರ್ಷ ದಾಟಿದವರ ಕನಿಷ್ಠ ಕೂಲಿ ಗಂಟೆಗೆ 12.21 ಪೌಂಡ್. ಅಂದರೆ ಇದು ಸಂಬಳ ಅಲ್ಲ, ಸಂಬಳದ ಹತ್ತಿರಕ್ಕೂ ಬರಲ್ಲ. ಆದರೂ ಎಷ್ಟೋ ಮನೆಗಳಲ್ಲಿ ವಾರದ ದಿನಸಿ ಇದರಿಂದಲೇ ಬರಬೇಕು.

ಇದರ ನಿಯಮಗಳಲ್ಲಿ ಒಂದು: ವಾರಕ್ಕೆ 21 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಓದಿದರೆ ನೀವು ಫುಲ್‌ಟೈಮ್ ವಿದ್ಯಾರ್ಥಿ, ಭತ್ಯೆ ಬಂದ್. ಕಡಿಮೆ ಆಗಲ್ಲ, ಪೂರ್ತಿ ಬಂದ್. ಕ್ಲಾಸು, ಲ್ಯಾಬು, ಪರೀಕ್ಷೆ, ಮೇಲ್ವಿಚಾರಣೆಯಲ್ಲಿ ಮಾಡುವ ಓದು ಎಲ್ಲ ಲೆಕ್ಕಕ್ಕೆ ಬರುತ್ತೆ. ಊಟದ ಬ್ರೇಕ್ ಬರಲ್ಲ, ಪುಣ್ಯ. "ನಮ್ಮದು ವಾರಕ್ಕೆ ಹನ್ನೆರಡೇ ಗಂಟೆ ಲೆಕ್ಚರ್" ಅಂತ ವಾದ ಮಾಡೋದೂ ಸುಲಭ ಇಲ್ಲ. ಯೂನಿವರ್ಸಿಟಿ ತನ್ನ ಕೋರ್ಸನ್ನು ಫುಲ್‌ಟೈಮ್ ಅಂತ ಕರೆದಿದ್ದರೆ ಸಾಮಾನ್ಯವಾಗಿ ಅದೇ ಮಾತು ನಡೆಯುತ್ತೆ. ಕೋರ್ಸಿನ ನಡುವೆ ಬರುವ ರಜೆಯಲ್ಲೂ ನೀವು ವಿದ್ಯಾರ್ಥಿಯೇ. ಅಂದರೆ ಬೇಸಿಗೆಯಲ್ಲಿ ದಿನವಿಡೀ ಅಮ್ಮನ ಪಕ್ಕದಲ್ಲೇ ಕೂತಿದ್ದರೂ ದುಡ್ಡು ಇಲ್ಲ!

ನಾವು ಎಂಜಿನಿಯರಿಂಗ್‌ನವರು, ಇದನ್ನು ಗ್ರಾಫಿನಲ್ಲಿ ನೋಡೋಣ. ಇದು ಶುದ್ಧ ಸ್ಟೆಪ್ ಫಂಕ್ಷನ್. ಇಪ್ಪತ್ತು ಗಂಟೆಗೆ 83.30, ಇಪ್ಪತ್ತೊಂದಕ್ಕೆ ಸೊನ್ನೆ. ಮಧ್ಯದಲ್ಲಿ ಇಳಿಜಾರೇ ಇಲ್ಲ. ದುಡಿಮೆಯ ಮಿತಿಯೂ ಹೀಗೇ ಇದೆ. ತೆರಿಗೆ ಮತ್ತು ಕೆಲವು ಖರ್ಚು ಕಳೆದು ವಾರದ ಗಳಿಕೆ 2025-26ರಲ್ಲಿ 196 ಪೌಂಡ್ ದಾಟಿದರೆ ಆ ವಾರದ ಪೂರ್ತಿ ಭತ್ಯೆ ಹೋಗುತ್ತಿತ್ತು. ಆದರೆ ಈ ಗಳಿಕೆಯ ಮಿತಿ ಮೊದಲು 151 ಇತ್ತು, ಜನ ಗಲಾಟೆ ಮಾಡಿದ ಮೇಲೆ 2025ರಲ್ಲಿ ಏರಿಸಿದರು. ಓದಿನ 21 ಗಂಟೆ ಮಾತ್ರ ಕದಲಿಲ್ಲ.

ಈ ನಿಯಮದ ಹಿಂದೆ ತರ್ಕವೇ ಇಲ್ಲ ಅಂತ ನಾವು ಹೇಳಲ್ಲ. ವಿದ್ಯಾರ್ಥಿಗಳಿಗೆ ಸಾಲ, ಗ್ರಾಂಟ್ ಅಂತ ಬೇರೆ ವ್ಯವಸ್ಥೆ ಇದೆ, ಎರಡೂ ಕಡೆಯಿಂದ ಯಾಕೆ ಕೊಡಬೇಕು ಅನ್ನೋದು ಸರ್ಕಾರದ ವಾದ. ಕೇಳೋಕೆ ಸರಿ ಅನಿಸುತ್ತೆ. ಆದರೆ ಸಾಲ ಬರೋದು ಓದಿಗೆ, ಭತ್ಯೆ ಬರ್ತಿದ್ದದ್ದು ಆರೈಕೆಗೆ. ಕಾಲೇಜು ಸೇರಿದ ದಿನ ಆರೈಕೆಯೇನೂ ನಿಂತಿಲ್ಲ. ಅಮ್ಮನಿಗೆ ರಾತ್ರಿ ಮಗ್ಗುಲು ಬದಲಿಸಬೇಕು, ಬೆಳಿಗ್ಗೆ ಮಾತ್ರೆ ಕೊಡಬೇಕು, ಸ್ನಾನ ಮಾಡಿಸಬೇಕು. ನಿಂತಿದ್ದು ದುಡ್ಡು ಮಾತ್ರ. ವಾರಕ್ಕೆ 168 ಗಂಟೆ. 35 ಆರೈಕೆಗೆ, 25 ಕ್ಲಾಸಿಗೆ, 56 ನಿದ್ದೆಗೆ ಕೊಟ್ಟರೂ 52 ಉಳಿಯುತ್ತೆ. ಕಷ್ಟ ಇದೆ, ಅಸಾಧ್ಯ ಅಲ್ಲ. 35 ಗಂಟೆ ನೋಡಿಕೊಳ್ತಿದ್ದಾರಾ ಅಂತ ಕೇಳಿ, ಸರಿ. ಉಳಿದ ಗಂಟೆಗಳಲ್ಲಿ ಏನು ಓದ್ತಾರೆ ಅನ್ನೋದು ಯಾಕೆ ಬೇಕು?

ಈ ಭತ್ಯೆಯ ಇತಿಹಾಸದಲ್ಲಿ ಇಂಥದ್ದು ಮೊದಲೂ ಆಗಿದೆ. 1976ರಲ್ಲಿ ಬೇರೆ ಹೆಸರಿನಲ್ಲಿ ಇದು ಶುರುವಾದಾಗ ಮದುವೆಯಾಗಿ ಗಂಡನ ಜೊತೆಗಿದ್ದ ಹೆಂಗಸರಿಗೆ ಸಿಗುತ್ತಿರಲಿಲ್ಲ. ಅವರು ಹೇಗೂ ಮನೆಯಲ್ಲೇ ಇರ್ತಾರಲ್ಲ ಅನ್ನೋ ಲೆಕ್ಕ. ಜಾಕ್ವೆಲಿನ್ ಡ್ರೇಕ್ ಅನ್ನುವವರು ತಾಯಿಯನ್ನು ನೋಡಿಕೊಳ್ಳೋಕೆ ಕೆಲಸ ಬಿಟ್ಟಿದ್ದರು. ಅವರ ಕೇಸು ಯುರೋಪಿನ ನ್ಯಾಯಾಲಯದವರೆಗೆ ಹೋಗಿ, 1986ರಲ್ಲಿ ಆ ನಿಯಮ ಬಿತ್ತು. ಹೆಂಡತಿ ಅಂದರೆ ಮನೆಯಲ್ಲೇ ಇರುವವಳು, ವಿದ್ಯಾರ್ಥಿ ಅಂದರೆ ಮನೆಯಲ್ಲಿ ಇಲ್ಲದವನು! ಆರೈಕೆ ನಿಜವಾಗಿ ಯಾರು ಮಾಡ್ತಿದ್ದಾರೆ ಅಂತ ನೋಡದೆ ಹಣೆಪಟ್ಟಿ ಓದಿ ತೀರ್ಮಾನ ಮಾಡಿದರೆ ಹೀಗೇ ಆಗೋದು.

ಬದಲಿಸೋಕೆ ಆಗುತ್ತೆ ಅನ್ನೋದಕ್ಕೆ ದೂರ ಹೋಗಬೇಕಿಲ್ಲ. ಸ್ಕಾಟ್ಲೆಂಡ್ ಈ ಭತ್ಯೆಯನ್ನು ತನ್ನ ಕೈಗೆ ತಗೊಂಡು, ಕೇರರ್ ಸಪೋರ್ಟ್ ಪೇಮೆಂಟ್ ಅಂತ ಹೆಸರಿಟ್ಟು, 2023ರ ನವೆಂಬರ್‌ನಲ್ಲಿ ಕೆಲವು ಕಡೆ, ಮರುವರ್ಷ ಎಲ್ಲ ಕಡೆ ಶುರುಮಾಡಿತು. ಅಲ್ಲಿ 20 ದಾಟಿದವರು ಫುಲ್‌ಟೈಮ್ ಓದಿದರೂ ಸಿಗುತ್ತೆ. ಅದಕ್ಕಿಂತ ಚಿಕ್ಕವರಲ್ಲಿ ಡಿಗ್ರಿ ಮಟ್ಟದಲ್ಲಿ ಓದುವವರಿಗೂ ಸಿಗುತ್ತೆ, ಸ್ಕೂಲ್ ಮಟ್ಟದವರಿಗೆ ಮಾತ್ರ ಹೆಚ್ಚಾಗಿ ಇಲ್ಲ. ಇಂಗ್ಲೆಂಡಿನ ಬೆರಿಕ್ ಪಟ್ಟಣ ಸ್ಕಾಟ್ಲೆಂಡ್ ಗಡಿಯಿಂದ ನಾಲ್ಕೈದು ಕಿಲೋಮೀಟರ್ ಅಷ್ಟೇ. ಗಡಿಯ ಆಚೆ ಮನೆ ಇದ್ದರೆ ಓದಬಹುದು, ಈಚೆ ಇದ್ದರೆ ಓದು ಅಥವಾ ಭತ್ಯೆ, ಒಂದನ್ನು ಆರಿಸಿಕೊಳ್ಳಬೇಕು.

ಇದೆಲ್ಲ ನಮಗ್ಯಾಕೆ ಅಂತ ಕೇಳಬಹುದು. ಎಂ.ಎಸ್. ಮಾಡೋಕೆ ಅಲ್ಲಿಗೆ ಹೋದರೂ ನಮಗೆ ಇದು ಸಿಗಲ್ಲ, ಸ್ಟೂಡೆಂಟ್ ವೀಸಾದವರಿಗೆ ಸರ್ಕಾರಿ ಭತ್ಯೆಗಳಿಲ್ಲ. ಹಾಗಾಗಿ ಇದು ನಮ್ಮ ಸ್ವಾರ್ಥದ ವಾದ ಅಲ್ಲ. ಆದರೆ ಕಡೆಯ ಬೆಲ್ ಆದ ತಕ್ಷಣ ಕ್ಯಾಂಟೀನಿಗೆ ಬರದೆ ಮನೆಗೆ ಓಡುವವರು ನಮ್ಮ ಕ್ಲಾಸುಗಳಲ್ಲೂ ಇದ್ದಾರೆ. ಯಾಕೆ ಅಂತ ನಾವು ಕೇಳಿರಲ್ಲ, ಅವರೂ ಹೇಳಿರಲ್ಲ.

ನಮ್ಮ ದೇಶದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 24ನೇ ಸೆಕ್ಷನ್‌ನಲ್ಲಿ, ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆದಾರರ ಭತ್ಯೆ ಕೊಡುವ ಮಾತಿದೆ. ಸರ್ಕಾರದ ಆರ್ಥಿಕ ಸಾಮರ್ಥ್ಯದ ಮಿತಿಯಲ್ಲಿ ಅನ್ನೋ ಬಾಲವೂ ಜೊತೆಗಿದೆ, ಇರಲಿ. ನಮಗೆ ಇಷ್ಟವಾದ ಸಂಗತಿ ಅಂದರೆ, ಕಾಯ್ದೆಯ ಪ್ರಕಾರ ಆ ದುಡ್ಡು ಆರೈಕೆ ಬೇಕಾದವರ ಹೆಸರಿಗೆ. ಮಗಳು ಎಷ್ಟು ಗಂಟೆ ಓದ್ತಾಳೆ ಅನ್ನೋ ಪ್ರಶ್ನೆಯೇ ಅಲ್ಲಿಲ್ಲ. ರಾಜ್ಯಗಳು ಇದರ ಮೇಲೆ ತಮ್ಮ ಯೋಜನೆಗಳನ್ನು ಬರೆಯುವಾಗ ಅರ್ಜಿಯಲ್ಲಿ "ಆರೈಕೆದಾರರು ವಿದ್ಯಾರ್ಥಿಯೇ?" ಅನ್ನೋ ಕಾಲಂ ಸೇರಿಸದಿದ್ದರೆ ಸಾಕು. ಸೇರಿಸಿದರೆ, ಅದರ ಮುಂದೆ ಬಸ್ ಪಾಸಿನ ರಿಯಾಯಿತಿ ಇರಲಿ.