ಸೋರಿಕೆ ಅಂತ ಬರೆಯುವುದನ್ನು ನಾವು ಮೊದಲು ಬಿಡಬೇಕು

ಚಳಿಗಾಲದಲ್ಲಿ ನಮ್ಮಂಥ ತಾಲ್ಲೂಕು ವರದಿಗಾರರ ಫೋನಿಗೆ ಒಂದು ಬಗೆಯ ಸುದ್ದಿ ಬರುತ್ತದೆ. ಸ್ನಾನಕ್ಕೆ ಹೋದವರು ಹೊರಗೆ ಬರಲಿಲ್ಲ, ಬಾಗಿಲು ಒಡೆದು ನೋಡಿದರೆ ಬಿದ್ದಿದ್ದರು. ನಾವು ನಾಲ್ಕು ಸಾಲು ಬರೆದು, 'ಗ್ಯಾಸ್ ಗೀಸರ್ ಸೋರಿಕೆ, ಸಾವು' ಅಂತ ತಲೆಬರಹ ಕೊಟ್ಟು ಕಳಿಸುತ್ತೇವೆ. 2025ರ ಅಕ್ಟೋಬರ್‌ನಲ್ಲಿ ಪಿರಿಯಾಪಟ್ಟಣದಲ್ಲಿ ಅಕ್ಕ ತಂಗಿ ಇಬ್ಬರು ತೀರಿಕೊಂಡಾಗಲೂ ಹೆಚ್ಚು ಓಡಾಡಿದ್ದು 'ಸೋರಿಕೆ' ಅನ್ನೋ ಪದವೇ. ಆ ಮನೆಯಲ್ಲಿ ಆದದ್ದೇನು ಅಂತ ತೀರ್ಪು ಕೊಡೋದು ನಮ್ಮ ಕೆಲಸ ಅಲ್ಲ. ಆದರೆ ಈ ಪದದಿಂದ ಓದುಗರಿಗೆ ಹಾನಿ ಆಗುತ್ತಿದೆ ಅಂತ ಹೇಳೋದು ನಮ್ಮ ಕೆಲಸ.

ಸಿಲಿಂಡರಿನಲ್ಲಿರೋದು ಪ್ರೊಪೇನ್ ಮತ್ತು ಬ್ಯುಟೇನ್. ಸೋರಿದರೆ ಗೊತ್ತಾಗಲಿ ಅಂತಲೇ ಅದಕ್ಕೆ ಕೆಟ್ಟ ವಾಸನೆ ಬೆರೆಸಿರುತ್ತಾರೆ. 'ಸೋರಿಕೆ' ಅಂತ ಓದಿದವರು ಏನು ಮಾಡುತ್ತಾರೆ? ಮೂಗು ಅರಳಿಸಿ ನೋಡುತ್ತಾರೆ, ವಾಸನೆ ಇಲ್ಲ ಅಂದಮೇಲೆ ಬಾಗಿಲು ಹಾಕಿಕೊಂಡು ಸ್ನಾನಕ್ಕೆ ಕೂರುತ್ತಾರೆ. ಬಚ್ಚಲಲ್ಲಿ ಹೆಚ್ಚಾಗಿ ಜೀವ ತೆಗೆಯೋದು ಸೋರಿದ ಗ್ಯಾಸ್ ಅಲ್ಲ, ಉರಿದ ಗ್ಯಾಸ್. ಮುಚ್ಚಿದ ಜಾಗದಲ್ಲಿ ಉರಿ ಗಾಳಿಯನ್ನೆಲ್ಲ ತಿಂದು, ಸರಿಯಾಗಿ ಉರಿಯಲಾಗದೆ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಅದಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹೋಗಿ ಕೂರುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಆಮೇಲೆ ಎದ್ದು ಚಿಲಕ ತೆಗೆಯಲೂ ಕಾಲಿನಲ್ಲಿ ಬಲ ಇರೋದಿಲ್ಲ.

ನಮ್ಮ ಅಜ್ಜಿಯರ ಬಚ್ಚಲಲ್ಲಿ ಹಂಡೆ ಒಲೆಯ ಹೊಗೆಯೂ ಒಳ್ಳೆಯದೇನಲ್ಲ. ಆದರೆ ಆ ಹೊಗೆ ಕಣ್ಣಿಗೆ ಕಾಣುತ್ತಿತ್ತು, ಕಣ್ಣು ಉರಿದರೆ ಎದ್ದು ಬರುತ್ತಿದ್ದರು. ಹೆಂಚಿನ ಸಂದಿಯಲ್ಲಿ ಅದು ಹೊರಗೂ ಹೋಗುತ್ತಿತ್ತು. ಈಗ ಆರ್‌ಸಿಸಿ, ನಾಲ್ಕು ಸುತ್ತ ಟೈಲ್ಸ್, ಚಳಿ ಬರಬಾರದು ಅಂತ ಮುಚ್ಚಿದ ಗಾಜಿನ ಕಿಟಕಿ. ಕೆಲವರು ಕಿಂಡಿಗೆ ಗೋಣಿಚೀಲ ತುರುಕಿರುತ್ತಾರೆ, ಇಲಿ ಬರುತ್ತೆ ಅಂತ.

ಇದು ಬಚ್ಚಲಿಗೇ ಮುಗಿಯೋದಿಲ್ಲ. ಮದುವೆ ಸೀಸನ್ ಮುಗಿದ ಮೇಲೆ ಹೊಳಲ್ಕೆರೆ, ಹೊಸದುರ್ಗದ ಶಾಮಿಯಾನದವರಿಗೆ ಜಮಖಾನ ತೊಳೆಯೋ ಕೆಲಸ. ದುರ್ಗ, ಹಿರಿಯೂರಿನಲ್ಲಿ ಸೋಫಾ, ಕಾರ್ಪೆಟ್ ಕ್ಲೀನ್ ಮಾಡೋ ಹುಡುಗರೂ ಇದ್ದಾರೆ. ಎಣ್ಣೆ ಜಿಡ್ಡು ಬಿಡಬೇಕಾದರೆ ಬಿಸಿನೀರು ಬೇಕು. ಮಿಷನ್ನಿಗೆ ಗ್ಯಾಸ್ ಗೀಸರ್ ಜೋಡಿಸಿ, ಸಿಲಿಂಡರ್ ಸಮೇತ ಓಮ್ನಿಯೊಳಗೆ ಇಟ್ಟುಕೊಂಡರೆ ಗಾಡಿಯೇ ಬಚ್ಚಲಾಯಿತು. ಬಾಗಿಲು ಯಾಕೆ ಹಾಕುತ್ತಾರೆ ಅಂದರೆ ಒಳಗಿರೋದು ಮನೆಯ 14.2 ಕೆಜಿ ಸಿಲಿಂಡರ್. ಅದನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ, 19 ಕೆಜಿಯಂಥ ಕಮರ್ಷಿಯಲ್ ಸಿಲಿಂಡರೇ ಬೇಕು. ಕದ್ದು ಬಳಸೋದರಿಂದ ಮುಚ್ಚಿಡಬೇಕು, ಮುಚ್ಚಿಟ್ಟಿದ್ದರಿಂದ ಅಪಾಯ. ಅವರನ್ನು ಬೈಯೋದು ಸುಲಭ. ದಿನಕ್ಕೆ ಎರಡು ಮನೆ ಕೆಲಸ ಸಿಗೋ ಹುಡುಗನಿಗೆ ಕಮರ್ಷಿಯಲ್ ಸಿಲಿಂಡರಿನ ರೇಟು ಭಾರವೇ. ಆದರೂ ಹೇಳುತ್ತೇವೆ: ಉಳಿಸಿದ ದುಡ್ಡಿಗೆ ಒತ್ತೆ ಇಟ್ಟಿರೋದು ಸ್ವಂತ ಉಸಿರು.

ಗೀಸರ್ ಇರಬೇಕಾದ್ದು ಹೊರಗೆ, ಬಯಲ ಗಾಳಿಯಲ್ಲಿ. ಮನೆಯಾದರೆ ಹೊರಗೋಡೆಗೆ, ಕಿಟಕಿಯಿಂದ ದೂರ. ಪೈಪಿನಲ್ಲಿ ಬಿಸಿನೀರು ಮಾತ್ರ ಒಳಗೆ ಬರಲಿ. ನಮ್ಮ ದುರ್ಗದ ಗಾಳಿ ಎಂಥದ್ದು ಅಂತ ಗುಡ್ಡದ ಮೇಲಿನ ಫ್ಯಾನುಗಳನ್ನು ಕೇಳಿ. ಆ ಗಾಳಿಗೆ ಉರಿ ಆರಿದರೆ ಗ್ಯಾಸ್ ತಾನೇ ನಿಲ್ಲುವ ವ್ಯವಸ್ಥೆ ಇರೋ ಗೀಸರನ್ನೇ ಕೇಳಿ ತನ್ನಿ. ಸಿಲಿಂಡರ್ ನೆಟ್ಟಗೆ ನಿಂತಿರಲಿ, ಹತ್ತಿರ ಚರಂಡಿ, ಗುಂಡಿ, ಸಂಪು ಬೇಡ. ಈ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ತಗ್ಗಿನಲ್ಲಿ ಹೋಗಿ ನಿಲ್ಲುತ್ತದೆ. ಜೋಡಣೆಗೆ ಸೋಪಿನ ನೊರೆ ಹಚ್ಚಿ ನೋಡಿ, ಬೆಂಕಿಕಡ್ಡಿ ಗೀರಿ ಅಲ್ಲ. ನೀರು ಹರಿಯದಿದ್ದರೆ ಉರಿ ನಿಲ್ಲಿಸುವ ಒಂದು ಸ್ವಿಚ್ ಗೀಸರಿನಲ್ಲಿರುತ್ತದೆ. ಮಿಷನ್ ನೀರು ನಿಂತು ನಿಂತು ಎಳೆಯುತ್ತೆ ಅಂತ ಅದನ್ನು 'ಡೈರೆಕ್ಟ್' ಮಾಡಿಸಿದರೆ ಪೈಪಿನೊಳಗಿನ ನೀರು ಆವಿಯಾಗಿ ಸಿಡಿಯಬಹುದು. ಕೆಲಸ ಮುಗಿದ ಮೇಲೆ ರೆಗ್ಯುಲೇಟರ್ ಆಫ್ ಮಾಡೋದನ್ನು ಮರೆಯಬೇಡಿ.

ಬೋರ್‌ವೆಲ್ ನೀರು ಬಳಸುವವರಿಗೆ ಇನ್ನೊಂದು ಕಾಟ. ಪಾತ್ರೆಗೆ ಬಿಳಿ ಪದರ ಕಟ್ಟುವ ಹಾಗೆ ಗೀಸರಿನ ಪೈಪಿನೊಳಗೂ ಕಟ್ಟುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿಸಿ ತೊಳೆಸಿ. ಉರಿ ನೀಲಿ ಇರಬೇಕು. ಹಳದಿ ಕಂಡರೆ, ಮಸಿ ಹಿಡಿದಿದ್ದರೆ ಅಂದೇ ನಿಲ್ಲಿಸಿ.

ಯಾರಾದರೂ ಬಿದ್ದರೆ ಮೊದಲು ಬಾಗಿಲು ಕಿಟಕಿ ತೆಗೆದು, ಗ್ಯಾಸ್ ಬಂದ್ ಮಾಡಿ, ಅವರನ್ನು ಬಯಲಿಗೆ ತಂದು 108ಕ್ಕೆ ಫೋನ್ ಮಾಡಿ. ನೀವೂ ಒಳಗೆ ಹೆಚ್ಚು ಹೊತ್ತು ನಿಲ್ಲಬೇಡಿ. ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಕೊರೋನಾ ಕಾಲದಲ್ಲಿ ತಂದ ಬೆರಳಿನ ಆಕ್ಸಿಮೀಟರ್ ನಂಬಿ ಕೂರಬೇಡಿ. ಕಾರ್ಬನ್ ಮೊನಾಕ್ಸೈಡ್ ಹತ್ತಿದ ರಕ್ತವನ್ನೂ ಅದು 98, 99 ಅಂತ ತೋರಿಸಬಹುದು. ಡಾಕ್ಟರಿಗೆ 'ಗ್ಯಾಸ್ ಗೀಸರ್ ಉರೀತಿತ್ತು' ಅನ್ನೋ ಮಾತು ಬಾಯಿ ಬಿಟ್ಟು ಹೇಳಿ, ಇಲ್ಲದಿದ್ದರೆ ಫಿಟ್ಸೋ ಬಿಪಿಯೋ ಅಂತ ಹೊತ್ತು ಹೋಗುತ್ತದೆ.

ಅಂಗಡಿಯವರು ಗೀಸರ್ ಮಾರುತ್ತಾರೆ, ಪ್ಲಂಬರ್ ಜೋಡಿಸುತ್ತಾರೆ, ಗ್ಯಾಸ್ ಏಜೆನ್ಸಿಯವರು ಸಿಲಿಂಡರ್ ಇಳಿಸಿ ಹೋಗುತ್ತಾರೆ. ಬಚ್ಚಲಲ್ಲಿ ಗಾಳಿಗೆ ಕಿಂಡಿ ಇದೆಯಾ ಅಂತ ನೋಡುವ ನಾಲ್ಕನೆಯವರು ಯಾರೂ ಇಲ್ಲ. ಒಳಗೆ ಜೋಡಿಸಲ್ಲ ಅಂತ ಪ್ಲಂಬರ್ ಹೇಳಿದರೆ ಗಿರಾಕಿ ಇನ್ನೊಬ್ಬನನ್ನು ಕರೆಯುತ್ತಾನೆ. ಹಾಗಾಗಿ ಮಾರುವ ಅಂಗಡಿಯಲ್ಲೇ, ಬಿಲ್ಲಿನ ಮೇಲೇ, 'ಬಚ್ಚಲೊಳಗೆ ಜೋಡಿಸಬೇಡಿ' ಅಂತ ಕನ್ನಡದಲ್ಲಿ ಅಚ್ಚಾಗಬೇಕು ಅನ್ನೋದು ನಮ್ಮ ಬೇಡಿಕೆ. ನಮ್ಮ ಕಡೆಯಿಂದ, ಇನ್ನು ಮುಂದೆ ಇಂಥ ಸುದ್ದಿ ಬಂದರೆ ಗೀಸರ್ ಒಳಗಿತ್ತೋ ಹೊರಗಿತ್ತೋ, ಕಿಂಡಿ ಇತ್ತೋ ಇಲ್ಲವೋ ಅಂತ ಕೇಳದೆ ಕಳಿಸೋದಿಲ್ಲ.