ಅಟ್ಟದ ಮೇಲಿನ ಸದ್ದು

ಕಳೆದ ಬೇಸಿಗೆಯಲ್ಲಿ ತಿಪಟೂರಿನ ಸಮೀಪದಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ರಾತ್ರಿ ಹತ್ತರ ಸುಮಾರಿಗೆ ತೆಂಗಿನ ತೋಟದಲ್ಲಿ ದೀಪವೊಂದು ಓಡಾಡಿತು. ಅದರ ಹಿಂದೆಯೇ ಒಂದು ಚೀತ್ಕಾರ. ನಾನು ದೊಣ್ಣೆಗಾಗಿ ತಡಕಾಡುತ್ತಿರಲು, ಅಕ್ಕ ನಕ್ಕು, “ಗಾಬರಿಯಾಗಬೇಡವೋ, ನಿನ್ನ ಅಳಿಯನ ಕಾಲೇಜಿನ ಪಾಠ ನಡೆಯುತ್ತಿದೆ” ಎಂದಳು.

ಪಾಠವೆಂದರೆ ಇಷ್ಟು: ಐವರು ವಿದ್ಯಾರ್ಥಿಗಳು ಕೂಡಿ ಹತ್ತು ನಿಮಿಷಗಳ ರೋಮಾಂಚಕ ಚಿತ್ರವೊಂದನ್ನು ತಯಾರಿಸಿ ಒಪ್ಪಿಸಬೇಕು. ಅಂಕ ಐವರಿಗೂ ಸಮ. ಕ್ಯಾಮೆರಾ ಎಂದರೆ ಮೊಬೈಲ್ ಫೋನು. ಐವರಲ್ಲಿ ನಾಲ್ವರು ನಿರ್ದೇಶಕರು. ಉಳಿದೊಬ್ಬ ಹುಡುಗಿಯ ಪಾಲಿಗೆ ದೀಪ ಹಿಡಿಯುವ ಕೆಲಸ. ಬಿಳಿಯ ಸೀರೆಯ ದೆವ್ವ ಮೂರು ರಾತ್ರಿ ತೋಟವನ್ನು ಸುತ್ತಿದರೂ, ನನ್ನನ್ನು ಬಿಟ್ಟು ಇನ್ನಾರೂ ಹೆದರಲಿಲ್ಲ. ನಾಲ್ಕನೆಯ ಸಂಜೆ ಜಗಲಿಯ ಮೇಲೆ ಜಗಳವೇ ಆಯಿತು.

“ಮಾವಾ, ನೀವೇ ಹೇಳಿ” ಎಂದ ಅಳಿಯ. ನನಗೆ ತಿಳಿದದ್ದನ್ನು ಹೇಳಿದೆ. ಮೈಸೂರಿನ ಚಿದಾನಂದ ನಾಯಕ್ ವೈದ್ಯಕೀಯ ಓದಿ, ಬಳಿಕ ಪುಣೆಯ ಚಲನಚಿತ್ರ ಶಾಲೆ ಸೇರಿದವರು. ವರ್ಷದ ಕೊನೆಯಲ್ಲಿ ನಾಲ್ವರು ವಿದ್ಯಾರ್ಥಿಗಳು ನಿರ್ದೇಶನ, ಛಾಯಾಗ್ರಹಣ, ಸಂಕಲನ, ಧ್ವನಿಗಳನ್ನು ಹಂಚಿಕೊಂಡು, ನಾಲ್ಕೇ ದಿನಗಳಲ್ಲಿ 16 ನಿಮಿಷಗಳ ಕನ್ನಡ ಚಿತ್ರವೊಂದನ್ನು ತೆಗೆದರು. ಮುದುಕಿಯೊಬ್ಬಳು ಊರ ಹುಂಜವನ್ನು ಕದಿಯುತ್ತಾಳೆ. ಊರಿಗೆ ಸೂರ್ಯನೇ ಹುಟ್ಟುವುದಿಲ್ಲ. ನಮ್ಮ ಅಜ್ಜಿಯರು ಹೇಳುತ್ತಿದ್ದ ಕಥೆಯೇ! 2024ರ ಕಾನ್ ಚಿತ್ರೋತ್ಸವದಲ್ಲಿ, ಚಿತ್ರಶಾಲೆಗಳ ವಿದ್ಯಾರ್ಥಿಗಳಿಗೆಂದೇ ಮೀಸಲಾದ ‘ಲಾ ಸಿನೆಫ್’ ವಿಭಾಗದ ಪ್ರಥಮ ಬಹುಮಾನ ಅದಕ್ಕೆ ದೊರೆಯಿತು.

“ಅವರಲ್ಲಿ ನಿರ್ದೇಶಕ ಒಬ್ಬನೇ ಇದ್ದ” ಎಂದು ಕೊನೆಗೆ ಸೇರಿಸಿದೆ. ನಾಲ್ವರೂ ಸುಮ್ಮನಾದರು. ಆಗ ದೀಪದ ಹುಡುಗಿ ಮೆಲ್ಲಗೆ ಬಾಯಿ ತೆರೆದಳು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ತೆಂಗಿನಕಾಯಿಯನ್ನು ಸಿಪ್ಪೆಸಹಿತ ಅಟ್ಟಕ್ಕೇರಿಸಿ ಹತ್ತು ಹನ್ನೊಂದು ತಿಂಗಳು ಹಾಗೆಯೇ ಬಿಡುತ್ತಾರೆ. ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಕೊಬ್ಬರಿಯಾಗುತ್ತದೆ. ಅಲುಗಿಸಿದರೆ ಒಳಗೆ ಲೊಡಲೊಡ ಸದ್ದು.

“ಒಂದು ರಾತ್ರಿ ನಮ್ಮ ಅಟ್ಟದಲ್ಲಿ ಆ ಸದ್ದು ಕೇಳಿತು” ಎಂದಳು. “ಅಪ್ಪ ಊರಲ್ಲಿರಲಿಲ್ಲ. ಅಮ್ಮ ದೀಪವನ್ನೂ ಹಚ್ಚದೆ ಏಣಿಯನ್ನು ಹಿಡಿದು ಬೆಳಗಿನವರೆಗೂ ನಿಂತಿದ್ದಳು. ಆಮೇಲೆ ನೋಡಿದರೆ ಹೆಗ್ಗಣ. ಆದರೆ ಆ ವರ್ಷದ ಸಾಲವೂ ನನ್ನ ಫೀಜೂ ಆ ಅಟ್ಟದ ಮೇಲೆಯೇ ಇದ್ದವು.”

ಜಗಲಿಯ ಮೇಲೆ ಯಾರೂ ಮಾತನಾಡಲಿಲ್ಲ. ಅಳಿಯನೇ ಎದ್ದು, ಅವಳ ಕೈಯ ದೀಪವನ್ನು ತಾನು ತೆಗೆದುಕೊಂಡ.

ದೆವ್ವಕ್ಕೆ ರಜಾ ಸಿಕ್ಕಿತು. ಹುಡುಗಿಯ ತಾಯಿಯ ಪಾತ್ರವನ್ನು ಅವಳೇ ಮಾಡಿದಳು. ಹೇಗೆ ನಿಲ್ಲಬೇಕೆಂದು ಮತ್ತಾರಿಗೆ ಗೊತ್ತು? ಮಾತಿಲ್ಲ, ಸಂಗೀತವಿಲ್ಲ, ಏಣಿ, ಕತ್ತಲು, ಮೇಲೆ ಆ ಲೊಡಲೊಡ.

ನಾನು ಹೊರಡುವ ಹಿಂದಿನ ರಾತ್ರಿ ಚಿತ್ರವನ್ನು ಎಲ್ಲರಿಗೂ ತೋರಿಸಿದರು. ಮುಗಿದ ಮೇಲೆ ಅಕ್ಕ ಏನೂ ಹೇಳಲಿಲ್ಲ. ಎದ್ದು ಒಳಗೆ ಹೋಗಿ, ಅಟ್ಟದ ಬಾಗಿಲಿನ ಚಿಲಕವನ್ನು ಮುಟ್ಟಿ ನೋಡಿ ಬಂದಳು. ಅಂಕ ಎಷ್ಟು ಬಂದವೆಂದು ನಾನು ಇದುವರೆಗೂ ಕೇಳಿಲ್ಲ.