ಪಿತ್ತನಾಳಕ್ಕೆ ಪೆಟ್ಟು: ಮೊದಲ ತಪ್ಪಿಗಿಂತ ಎರಡನೆಯದೇ ದುಬಾರಿ

ಪಿತ್ತಕೋಶದ ಕಲ್ಲಿಗಾಗಿ ಹೊಟ್ಟೆ ಕೊಯ್ಯಿಸಿಕೊಂಡು ದಿನಗಟ್ಟಲೆ ಆಸ್ಪತ್ರೆಯಲ್ಲಿ ಮಲಗುವ ಕಾಲ ಬಹುಮಟ್ಟಿಗೆ ಮುಗಿದಿದೆ. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಮೊದಲ ಬಾರಿಗೆ ನಡೆಸಿದ ಕೀಹೋಲ್ ಶಸ್ತ್ರಚಿಕಿತ್ಸೆಯನ್ನು 1990ರಲ್ಲಿ ಮುಂಬಯಿಯಲ್ಲಿ ಡಾ. ತೆಹಮ್ಟನ್ ಉದ್ವಾಡಿಯಾ ಭಾರತಕ್ಕೆ ಪರಿಚಯಿಸಿದರು. ಇಂದು ಸಣ್ಣ ಊರುಗಳ ನರ್ಸಿಂಗ್ ಹೋಂಗಳಲ್ಲೂ ಅದು ವಾಡಿಕೆಯಾಗಿದೆ. ನೋವು ಕಡಿಮೆ, ಒಂದೆರಡು ದಿನದಲ್ಲಿ ಮನೆ. ಆದರೆ ಈ ಅನುಕೂಲದ ಬೆನ್ನಿಗೇ ಒಂದು ಅಪಾಯವೂ ಬಂದಿದೆ. ಅದು ಪಿತ್ತನಾಳದ ಗಾಯ.

ತೆರೆದ ಶಸ್ತ್ರಚಿಕಿತ್ಸೆಯಲ್ಲಿ ಸಾವಿರ ರೋಗಿಗಳಲ್ಲಿ ಒಬ್ಬಿಬ್ಬರಿಗೆ ಆಗುತ್ತಿದ್ದ ಈ ಗಾಯ, ಕೀಹೋಲ್ ವಿಧಾನದ ಆರಂಭದ ವರ್ಷಗಳಲ್ಲಿ ಐದಾರು ಮಂದಿಗೆ ಏರಿತು. ಅನುಭವ ಬೆಳೆದಂತೆ ಪ್ರಮಾಣ ಇಳಿದಿದೆಯಾದರೂ ಪೂರ್ತಿ ನಿಂತಿಲ್ಲ.

ಕಣ್ಣು ಮಾಡುವ ಮೋಸ

ಕಾರಣ ಕೈಚಳಕದ ಕೊರತೆಯೇ ಎಂದು ಭಾವಿಸಬೇಕಿಲ್ಲ. ಅಮೆರಿಕದ ಸ್ಟೀವರ್ಟ್ ಮತ್ತು ವೇ ಮೊದಲಾದವರು 252 ಪ್ರಕರಣಗಳನ್ನು ಪರಿಶೀಲಿಸಿ 2003ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಶೇ. 97ರಲ್ಲಿ ಮೂಲ ಕಾರಣ ದೃಷ್ಟಿಭ್ರಮೆ. ಮುಖ್ಯ ಪಿತ್ತನಾಳವನ್ನೇ ಪಿತ್ತಕೋಶದ ಕಿರುನಾಳವೆಂದು ನಂಬಿ ಕತ್ತರಿಸಲಾಗಿತ್ತು. ಇದನ್ನು ತಡೆಯಲೆಂದೇ ಸ್ಟ್ರಾಸ್‌ಬರ್ಗ್ 1995ರಲ್ಲಿ ಒಂದು ನಿಯಮ ಸೂಚಿಸಿದ್ದರು: ಪಿತ್ತಕೋಶದ ಕೆಳಭಾಗವನ್ನು ಯಕೃತ್ತಿನಿಂದ ಬಿಡಿಸಿ, ಅದನ್ನು ಸೇರುವುದು ಎರಡೇ ಎರಡು ರಚನೆಗಳೆಂದು ಸ್ಪಷ್ಟವಾಗಿ ಕಂಡ ನಂತರವೇ ಕತ್ತರಿ ಹಾಕಬೇಕು. ಕಾಣದಿದ್ದರೆ ಹೊಟ್ಟೆ ತೆರೆಯುವುದು ಅಥವಾ ಪಿತ್ತಕೋಶದ ಒಂದು ಭಾಗವನ್ನಷ್ಟೇ ತೆಗೆಯುವುದು ಸೋಲಲ್ಲ, ವಿವೇಕ.

ಮುಂದೇನು?

ಬಹಳಷ್ಟು ಗಾಯಗಳು ಶಸ್ತ್ರಚಿಕಿತ್ಸೆಯ ವೇಳೆ ತಿಳಿಯುವುದೇ ಇಲ್ಲ. ಮನೆಗೆ ಮರಳಿದ ಮೇಲೆ ಹೊಟ್ಟೆನೋವು, ಜ್ವರ, ಹೊಟ್ಟೆಯುಬ್ಬರ, ಕಾಮಾಲೆ ಕಾಣಿಸಿದರೆ ಅದನ್ನು 'ಗ್ಯಾಸ್' ಎಂದು ತಳ್ಳಿಹಾಕುವಂತಿಲ್ಲ. ಸ್ಕ್ಯಾನ್ ಮಾಡಿ, ಸೋರಿದ ಪಿತ್ತರಸವನ್ನು ಕೊಳವೆಯಿಂದ ಹೊರತೆಗೆದು, ಸೋಂಕನ್ನು ಹತೋಟಿಗೆ ತರುವುದು ಮೊದಲ ಕೆಲಸ. ಎಂಆರ್‌ಸಿಪಿ ಪರೀಕ್ಷೆ ನಾಳದ ನಕ್ಷೆಯನ್ನು ಕೊಡುತ್ತದೆ. ಸಣ್ಣ ಸೋರಿಕೆಗೆ ಎಂಡೋಸ್ಕೋಪಿ ಮೂಲಕ ಸ್ಟೆಂಟ್ ಇಟ್ಟರೆ ಸಾಮಾನ್ಯವಾಗಿ ಸಾಕು. ನಾಳ ಪೂರ್ತಿ ತುಂಡಾಗಿದ್ದರೆ ಅದನ್ನು ಸಣ್ಣ ಕರುಳಿಗೆ ಜೋಡಿಸಬೇಕಾಗುತ್ತದೆ.

ಈ ಜೋಡಣೆ ಯಾರು ಮಾಡುತ್ತಾರೆ ಎಂಬುದೇ ನಿರ್ಣಾಯಕ. 1995ರ ಅಧ್ಯಯನವೊಂದರಲ್ಲಿ, ಗಾಯ ಮಾಡಿದ ವೈದ್ಯರೇ ನಡೆಸಿದ ದುರಸ್ತಿಗಳಲ್ಲಿ ಶೇ. 17 ಮಾತ್ರ ಫಲಿಸಿದ್ದವು. ಪರಿಣತರ ಕೈಯಲ್ಲಿ ಶೇ. 94. ಕೆಟ್ಟ ಜೋಡಣೆ ವರ್ಷಗಳ ನಂತರವೂ ನಾಳವನ್ನು ಕಿರಿದಾಗಿಸಿ, ಯಕೃತ್ತನ್ನೇ ಹಾಳುಗೆಡವಬಲ್ಲದು. ಅನುಭವವಿಲ್ಲದವರು ಕೊಳವೆ ಇಟ್ಟು, ತಡಮಾಡದೆ ದೊಡ್ಡ ಕೇಂದ್ರಕ್ಕೆ ಕಳುಹಿಸುವುದೇ ಸರಿಯಾದ ಚಿಕಿತ್ಸೆ.

ಮೌನವೇ ಅಪಾಯ

ಹಾಗಿದ್ದೂ ವಿಳಂಬವೇಕೆ? ಹೆಸರು ಕೆಡುವ ಅಂಜಿಕೆ, ಗ್ರಾಹಕ ನ್ಯಾಯಾಲಯದ ಭಯ. ವೈದ್ಯಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು 1995ರಲ್ಲಿ ಹೇಳಿದ ಸುಪ್ರೀಂ ಕೋರ್ಟ್, ಪ್ರತಿಯೊಂದು ಅವಘಡವೂ ನಿರ್ಲಕ್ಷ್ಯವಲ್ಲವೆಂದು 2005ರಲ್ಲಿ ಸ್ಪಷ್ಟಪಡಿಸಿತು. ಆಕಸ್ಮಿಕ ಗಾಯವನ್ನು ಸಮರ್ಥಿಸಿಕೊಳ್ಳಬಹುದು, ಮುಚ್ಚಿಟ್ಟ ಗಾಯವನ್ನು ಸಮರ್ಥಿಸಿಕೊಳ್ಳುವುದು ಕಷ್ಟ. ರೋಗಿಗೆ ಸತ್ಯ ತಿಳಿಸಿ, ಶಸ್ತ್ರಚಿಕಿತ್ಸೆಯ ವಿವರಗಳೊಡನೆ ಸಕಾಲದಲ್ಲಿ ಕಳುಹಿಸುವ ಪರಿಪಾಠ ಬೆಳೆದರೆ ಜೀವಗಳೂ ಉಳಿಯುತ್ತವೆ, ವೈದ್ಯರ ಮೇಲಿನ ವಿಶ್ವಾಸವೂ ಉಳಿಯುತ್ತದೆ.